‘ಹೈಫಾ ಅಂದ್ರ ಏನ್ರಿ, ಮಾಸ್ತರ?’

ನಾನು ಬಾಡಿಗೆಗಿರುವ ಮನೆಯ ಅಕ್ಕ ತೀರಿಕೊಂಡ ಮೂರನೆಯ ದಿನ ನಮ್ಮ ಓಣಿಯ ಮಂದಿ ಕೂಡಿ ಒಂದು ಸುಳ್ಳು ಹೇಳಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬುದು ನನಗೂ ಗೊತ್ತು. ಆದರೆ ಒಳ್ಳೆಯದನ್ನು ಆಡಲು ಸುಳ್ಳೇ ಬೇಕೆಂದೇನಿಲ್ಲ. ಒಬ್ಬರಾದ ಮೇಲೆ ಒಬ್ಬರು, ‘ಪಾಪ, ಭಾಳ ಶಾಂತ ಹೆಣ್ಣಮಗಳು, ಯಾರಿಗೂ ಎದುರಾಡಿದಾಕಿ ಅಲ್ಲ’ ಎಂದರು. ಹಾಗೆ ಹೇಳಿದವರಲ್ಲಿ ನಾಲ್ಕು ಮಂದಿಯಾದರೂ ಅಕ್ಕನ ಬಾಯಿಗೆ ಸಿಕ್ಕು ಹಣ್ಣಾದವರು. ನಾನು ಮೂಲೆಯಲ್ಲಿ ಕುಳಿತು ಹಲ್ಲು ಕಚ್ಚಿಕೊಂಡು ಕೇಳಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಕ್ಕ ಶಾಂತ ಹೆಂಗಸಲ್ಲ. ಪಾಪದವರಂತೂ ಅಲ್ಲವೇ ಅಲ್ಲ.

ಹೆಸರು ಬರೆಯುವುದಿಲ್ಲ. ಇಲಕಲ್ಲಿನ ನಮ್ಮ ಓಣಿಯವರು ಓದಿದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ನಾನು ಅವರನ್ನು ‘ಅಕ್ಕಾರ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಮಾಸ್ತರ’ ಎನ್ನುತ್ತಿದ್ದರು. ನಾನು ಬಾಗಲಕೋಟೆಯವನು. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನೌಕರಿಯ ಮೇಲೆ ಹುನಗುಂದ, ಬಾದಾಮಿ ಎಲ್ಲ ತಿರುಗಿ ಇಲಕಲ್ಲಿಗೆ ಬಂದಾಗ ಅವರ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಕೆಳಗೆ ಒಂದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಕ್ಕನ ಗಂಡ ಇರುವ ತನಕ ಅವರು ನೇಯ್ದರು, ಆಮೇಲೆ ಮಗ ಕೂತ. ಅಕ್ಕ ಮತ್ತು ಸೊಸೆ ಮಗ್ಗದ ಪಕ್ಕದಲ್ಲಿ ಕೂತು ಕೊಂಡಿ ಹಾಕುತ್ತಿದ್ದರು.

ಕೊಂಡಿ ಎಂದರೇನು ಎಂದು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಇಲಕಲ್ ಸೀರೆಯ ಮೈಗೆ ಉದ್ದಕ್ಕೆ ಹಾಸುವ ಎಳೆ ಬೇರೆ, ಸೆರಗಿಗೆ ಹಾಸುವ ಎಳೆ ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಈ ಎರಡರ ಎಳೆ ಎಳೆಯನ್ನೂ ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಜೋಡಿಸಿದ ಮೇಲೆಯೇ ಮಗ್ಗಕ್ಕೆ ಕೆಲಸ. ಒಂದು ಸೀರೆ ಇಳಿಯಿತೆಂದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಜೋಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೆರಗಿನಲ್ಲಿ ಎದ್ದು ಕಾಣುತ್ತದೆ. ನಮ್ಮ ಓಣಿಯಲ್ಲಿ ಇದು ಹೆಂಗಸರ ಕೆಲಸ, ಅದರಲ್ಲಿ ಅಕ್ಕನ ಕೈ ಎಂದರೆ ಕೈ. ಅವರು ಹಾಕಿದ ಜೋಡಣೆಯ ಮೇಲೆ ಬೆರಳಾಡಿಸಿದರೆ ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

ಅವರ ತವರು ಗುಳೇದಗುಡ್ಡ. ಓದಿದ್ದು ಐದನೆಯ ಇಯತ್ತೆ. ಅವರ ತಾಯಿ ಕುಪ್ಪಸಕ್ಕೆ ಬಳಸುವ ಖಣದ ಬಟ್ಟೆಯನ್ನು ತಾವೇ ಮಗ್ಗದಲ್ಲಿ ಕೂತು ನೇಯುತ್ತಿದ್ದರಂತೆ. ಆ ಮಾತನ್ನು ಅಕ್ಕ ತಿಂಗಳಿಗೊಮ್ಮೆಯಾದರೂ ಯಾರಿಗಾದರೂ ಕೇಳಿಸುವಂತೆ ಹೇಳುತ್ತಿದ್ದರು. ಇನ್ನೊಂದು ಚಟ ಇತ್ತು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡುತ್ತಿದ್ದರು. ನಾನು ಬಾಡಿಗೆ ಮಾತಾಡಲು ಹೋದ ದಿನವೇ ನನ್ನ ಹೊಸ ಅಂಗಿಯ ತುದಿ ತಿಕ್ಕಿ, ಇದನ್ನು ನಿಮಗೆ ಮಾರಿದವನು ಊರಲ್ಲಿ ಇನ್ನೂ ಇದ್ದಾನೋ ಓಡಿಹೋಗಿದ್ದಾನೋ ಎಂದು ಕೇಳಿದ್ದರು. ಎಂಥ ಮನೆಗೆ ಬಂದೆನಪ್ಪಾ ಎಂದುಕೊಂಡೆ.

ಸಂಜೆ ನನ್ನ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಟ್ಯೂಷನ್. ವರ್ಷಕ್ಕೊಮ್ಮೆ ಅಣಬೆ, ಬೂಸ್ಟುಗಳ ಪಾಠ ಬರುತ್ತದೆ. ಆಗ ಎಲ್ಲರೂ ಒಂದೇ ರಾಗದಲ್ಲಿ, ‘ಶಿಲೀಂಧ್ರದ ದೇಹ ಹೈಫಾ ಎಂಬ ಎಳೆಗಳಿಂದ ಆಗಿರುತ್ತದೆ’ ಎಂದು ಬಾಯಿಪಾಠ ಹೊಡೆಯುತ್ತಾರೆ. ಹಾಡಿದ್ದೇ ಹಾಡು ಕಿಸಬಾಯಿ ದಾಸ. ಒಂದು ಸಂಜೆ ಆ ರಾಗ ನಡೆದಿರುವಾಗಲೇ ಅಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಾಗಿಲಲ್ಲಿ ನಿಂತರು. ಗದ್ದಲಕ್ಕೆ ಬೈಯಲು ಬಂದರು ಎಂದುಕೊಂಡು ಮಕ್ಕಳು ಗಪ್ಪಾದರು.

‘ಆರು ವರ್ಷಾತು, ಕೆಳಗ ಕುಂತು ಕೇಳಾಕತ್ತೇನಿ,’ ಎಂದರು. ‘ಎಳಿ, ಎಳಿ ಅಂತೀರಿ. ಈ ಹೈಫಾ ಅಂದ್ರ ಏನ್ರಿ, ಮಾಸ್ತರ?’

ಅದು ಒಂದು ಹೆಸರು, ಬೂಸ್ಟಿನ ಎಳೆಗೆ ಹಾಗೆ ಅನ್ನುತ್ತಾರೆ ಎಂದೆ. ಅದು ಕೇಳಿಸಿತು, ಹಾಗೆ ಯಾಕೆ ಅನ್ನುತ್ತಾರೆ ಎಂದರು. ಗ್ರೀಕ್ ಭಾಷೆಯ ಶಬ್ದ ಇರಬೇಕು ಎಂದೆ.

‘ಇರಬೇಕು ಅಂದ್ರ? ನಿಮಗ ಗೊತ್ತಿಲ್ಲೇನು?’

ಹನ್ನೆರಡು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನುವ ಮಾತು ನಮ್ಮ ಮನೆತನಕ್ಕೆ ರೂಢಿ ಇಲ್ಲ. ಅಜ್ಜ ಪುರಾಣ ಹೇಳುತ್ತಿದ್ದವರು, ಅಪ್ಪ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರು. ವಿದ್ಯೆ ಎಂದರೆ ನಮಗೆ ಹೊಲದ ಉತಾರಿನಂತೆ, ವಂಶದ ಹೆಸರಿನಲ್ಲೇ ಇದೆ ಎಂಬ ಗರ್ವ. ಆ ಸಂಜೆ ಗೊತ್ತಿಲ್ಲ ಎಂದು ಹೇಳಿದೆ. ಗೊತ್ತಿಲ್ಲದಿದ್ದರೆ ನೋಡಿ ಹೇಳಿ, ನಾನೆಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರು ಕೆಳಗಿಳಿದರು.

ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲೇ ಒಂದು ಗ್ರೀಕ್ ನಿಘಂಟು ಹುಡುಕಿದೆ. ಹೈಫಾ ಎಂದರೆ ನೇಯ್ದದ್ದು, ನೇಯ್ಗೆ. ಅದರ ಹಿಂದೆ ಒಂದು ಕ್ರಿಯಾಪದ, ಹುಫೈನೋ. ಅರ್ಥ: ನಾನು ನೇಯುತ್ತೇನೆ. ಇಪ್ಪತ್ತು ವರ್ಷದಿಂದ ನೇಕಾರರ ಮಕ್ಕಳಿಗೆ, ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಮಕ್ಕಳಿಗೆ, ನೇಯ್ಗೆಯ ಶಬ್ದವನ್ನು ಗಿಳಿಪಾಠ ಮಾಡಿಸಿದ್ದೆ. ಒಬ್ಬರಿಗೂ ಅರ್ಥ ಹೇಳಿರಲಿಲ್ಲ, ಯಾಕೆಂದರೆ ನನಗೇ ಬೇಕಾಗಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಸಂಜೆ ಹೋಗಿ ಹೇಳಿದೆ. ಅಕ್ಕ ಕೈಯಲ್ಲಿದ್ದ ಎಳೆಯನ್ನು ಹಲ್ಲಿನಲ್ಲಿ ಹಿಡಿದು, ನೇಯುವುದೇನು, ಖರೆಯೇನು ಎಂದು ಎರಡು ಸಲ ಕೇಳಿದರು. ಆಮೇಲೆ ಎಳೆ ಬಿಟ್ಟು ನನ್ನನ್ನು ನೇರ ನೋಡಿದರು.

‘ನಮ್ಮ ಕೆಲಸದ ಶಬ್ದಾನ ನಮ್ಮ ಮಕ್ಕಳಿಗೆ ಅರ್ಥಾ ಬಿಟ್ಟು ಬಾಯಿಪಾಠ ಮಾಡಸ್ತೀರಿ. ಮ್ಯಾಲ ಪಗಾರ ತಗೋತೀರಿ.’

ಇಂಥವರು ಶಾಂತ ಹೆಂಗಸಂತೆ.

ಅಲ್ಲಿಂದ ಶುರುವಾಯಿತು. ಬರೆದು ತೋರಿಸಿ ಎಂದರು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗ್ರೀಕ್ ಅಕ್ಷರದಲ್ಲಿ ಬರೆದು ಕೊಟ್ಟೆ. ಆರು ಅಕ್ಷರ. ಆರಕ್ಕೆ ನಾಲ್ಕು ದಿನ ತೆಗೆದುಕೊಂಡರು, ಸೀಮೆಸುಣ್ಣದಿಂದ ಮಗ್ಗದ ಕಂಬದ ಮೇಲೆ ತಿದ್ದಿದರು. ‘ಫ’ಕ್ಕೆ ಗ್ರೀಕರು ಬರೆಯುವ ಅಕ್ಷರ ನೂಲು ಸುತ್ತಿದ ಕಂಡಿಕೆಗೆ ಕಡ್ಡಿ ಚುಚ್ಚಿದ ಹಾಗಿದೆ ಎಂದು ಅದು ಬೇಗ ಕೈಗೆ ಬಂತು. ನಿಘಂಟಿನಲ್ಲಿ ಗ್ರೀಕರು ‘ನೇಯುವುದು’ ಎಂದು ಕೊಡುವುದಿಲ್ಲ, ‘ನಾನು ನೇಯುತ್ತೇನೆ’ ಎಂದೇ ಕೊಡುತ್ತಾರೆ ಎಂದು ಹೇಳಿದಾಗ ಬಹಳ ಖುಷಿಯಾದರು. ಚಲೋ ಮಂದಿ, ಕೆಲಸಕ್ಕಿಂತ ಮೊದಲು ಕೆಲಸ ಮಾಡುವವರನ್ನು ಹೇಳುತ್ತಾರೆ ಎಂದರು.

ಆ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಅರ್ಥಗಳ ಸಾಲೇ ಇತ್ತು. ಅಕ್ಕ ಎಲ್ಲವನ್ನೂ ಒಮ್ಮೆಗೇ ಕೇಳಲು ಒಪ್ಪಲಿಲ್ಲ. ಒಂದು ಅರಗಿದ ಮೇಲೆ ಇನ್ನೊಂದು. ಮೊದಲನೆಯದು ಬಟ್ಟೆ ನೇಯುವುದು. ಅದರ ಮೇಲೆ ಒಂದು ವಾರ ನನ್ನನ್ನು ಕಾಡಿದರು. ಗ್ರೀಕರ ಮಗ್ಗ ಕುಣಿಯದೋ ಮೇಲಿನದೋ, ನೇಯುವವರು ಯಾರು ಎಂದು. ಹಳೆಯ ಕಾಲದಲ್ಲಿ ಮಗ್ಗ ನಿಲ್ಲಿಸಿದ್ದು, ಎಳೆಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಡುತ್ತಿದ್ದರು, ಹೆಚ್ಚಾಗಿ ಹೆಂಗಸರೇ ನೇಯುತ್ತಿದ್ದರು ಎಂದು ಓದಿ ಹೇಳಿದೆ. ಆ ದಿನ ಮಗ ಊಟಕ್ಕೆ ಕೂತಾಗ ಅದೇ ಮಾತನ್ನು ಅವನ ತಟ್ಟೆಗೆ ಬಡಿಸಿದರು.

ಎರಡನೆಯ ಅರ್ಥ ಜೇಡ ಬಲೆ ಕಟ್ಟುವುದು. ಅದು ಅವರಿಗೆ ದೊಡ್ಡದೆನಿಸಲಿಲ್ಲ. ಮೂರನೆಯದು ಯುಕ್ತಿ ಹೂಡುವುದು, ಒಳಗೊಳಗೇ ವಿಚಾರ ಮಾಡುವುದು. ಇದು ಬಟ್ಟೆಗೆ ಹೇಗೆ ಸಂಬಂಧ ಎಂದು ನಾನು ಪುಸ್ತಕದ ಭಾಷೆಯಲ್ಲಿ ವಿವರಿಸಲು ಹೊರಟಿದ್ದೆ. ಅವರು ತಡೆದರು.

‘ಅದಕ್ಯಾಕ ವಿವರಣಾ? ಕೈ ಒಂದು ಮಾಡ್ತಿರತೈತಿ, ತಲಿ ಒಂದು ಮಾಡ್ತಿರತೈತಿ. ಕೊಂಡಿ ಹಾಕೂ ಮುಂದ ನಾ ಏನೇನು ವಿಚಾರ ಮಾಡೇನಿ ಅಂತ ಗೊತ್ತಾದ್ರ ಈ ಓಣ್ಯಾಗ ಯಾರೂ ನಿದ್ದಿ ಮಾಡೂದಿಲ್ಲ.’

ಶಬ್ದದ ಮೂಲ ಹುಡುಕುವಾಗ ಪೆಟ್ಟು ಬಿದ್ದದ್ದು ನನಗೆ. ಜೇಡಕ್ಕೆ ಸಂಸ್ಕೃತದಲ್ಲಿ ಊರ್ಣನಾಭ. ಹೊಕ್ಕುಳಲ್ಲಿ ಉಣ್ಣೆ ಉಳ್ಳದ್ದು ಎಂದು ಅಪ್ಪ ನನಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ್ದರು. ಆದರೆ ಅದಕ್ಕಿಂತ ಹಳೆಯ ರೂಪ ಊರ್ಣವಾಭಿ, ಅಂದರೆ ಉಣ್ಣೆ ನೇಯುವುದು. ಅದರ ‘ವಾಭಿ’, ಗ್ರೀಕರ ಹುಫೈನೋ, ಇಂಗ್ಲಿಷಿನ ವೀವ್ ಎಲ್ಲ ಒಂದೇ ಬೇರಿನವು ಎಂದು ಬಲ್ಲವರು ಹೇಳುತ್ತಾರೆ. ನೇಯುವುದು ಎಂಬುದು ಮರೆತುಹೋಗಿ ಯಾರೋ ಅದನ್ನು ಹೊಕ್ಕುಳು ಮಾಡಿದ್ದರು. ಅಪ್ಪ ಹೇಳಿದ್ದು ಸರಿಯಿರಲಿಕ್ಕಿಲ್ಲ ಎಂದು ಬಾಯಿಬಿಟ್ಟು ಹೇಳಲು ನನಗೆ ಎರಡು ದಿನ ಬೇಕಾಯಿತು. ಅಕ್ಕ ನಗಲಿಲ್ಲ. ಎಳೆ ಎಲ್ಲಿ ಹರಿದಿದೆ ಎಂದು ಗೊತ್ತಾಯಿತಲ್ಲ, ಅಲ್ಲೇ ಗಂಟು ಹಾಕಿ ಮುಂದೆ ನಡೆಯಿರಿ ಎಂದರು. ನಮ್ಮ ‘ನೇಯು’ ಮಾತ್ರ ಆ ಬಳಗದ್ದಲ್ಲ, ಅದು ನಮ್ಮದೇ ಕುಲದ ಬೇರೆ ಶಬ್ದ ಎಂದಾಗ ಅವರಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಹಾಗಾದರೆ ನಮ್ಮವರು ಈ ಕೆಲಸವನ್ನು ಯಾರನ್ನೂ ಕೇಳದೆ ಕಲಿತಿದ್ದಾರೆ ಎಂದಾಯಿತು ಎಂದು ಇನ್ನಷ್ಟು ಬೀಗಿದರು.

ಬೂಸ್ಟಿನ ಎಳೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದರು. ಪ್ರಿನ್ಸಿಪಾಲರ ಕೈಕಾಲು ಹಿಡಿದು ಕಾಲೇಜಿನ ಸೂಕ್ಷ್ಮದರ್ಶಕವನ್ನು ಒಂದು ಭಾನುವಾರದ ಮಟ್ಟಿಗೆ ಮನೆಗೆ ತಂದೆ. ಹಳಸಿದ ಬ್ರೆಡ್ಡಿನ ಬೂಸ್ಟು ಇಟ್ಟು ತೋರಿಸಿದೆ. ಅಕ್ಕ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗಾಗಿ ಕಾದು ನಿಂತಿದ್ದೆ.

‘ಇದು ನೇಯ್ಗಿ ಅಲ್ಲ. ಹಾಸು ಇಲ್ಲ, ಹೊಕ್ಕು ಇಲ್ಲ. ಇದು ಸಿಕ್ಕು. ಹೆಸರಿಟ್ಟಾಂವ ಮಗ್ಗ ನೋಡಿಲ್ಲ, ಮಾಸ್ತರ.’

ಈಗ ನಾನು ಆ ಪಾಠ ಮಾಡುವಾಗ ಹೈಫಾ ಶಬ್ದದ ಅರ್ಥ ಹೇಳುತ್ತೇನೆ, ಮೂಲ ಹೇಳುತ್ತೇನೆ, ಆಮೇಲೆ ಈ ಹೆಸರು ತಪ್ಪು ಎಂದು ನಮ್ಮೂರಿನ ಒಬ್ಬರು ಹೇಳಿದ್ದಾರೆ ಎಂದೂ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳು ಗೊಣಗುತ್ತಾರೆ. ಗೊಣಗಲಿ.

ಬಾದಾಮಿಯ ಕಥೆ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಹುಫೈನೋ ಎಂಬುದು ಹಳೆಯ ಉಚ್ಚಾರ, ಈಗಿನ ಗ್ರೀಕರು ಇಫೇನೊ ಎನ್ನುತ್ತಾರೆ ಎಂದು ಹೇಳಿದ್ದೆ. ನಿಮ್ಮ ಫೋನಿನ ಮಾತು ಬೇಡ, ಗ್ರೀಕರ ಬಾಯಿಂದಲೇ ಕೇಳಬೇಕು ಎಂದರು. ಗುಹೆ ನೋಡಲು ಬಾದಾಮಿಗೆ ಬರುವ ಪರದೇಶದವರಲ್ಲಿ ಒಬ್ಬರಾದರೂ ಸಿಗುತ್ತಾರೆ ಎಂಬುದು ಅವರ ಲೆಕ್ಕ. ಒಂದು ರಜೆಯ ದಿನ ಬಸ್ಸು ಹತ್ತಿ ಹೋದೆವು. ಮೆಟ್ಟಿಲ ಬುಡದಲ್ಲಿ, ಮಂಗಗಳ ನಡುವೆ, ಇಲಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಂತು ಬಂದವರನ್ನೆಲ್ಲ ‘ಗ್ರೀಕ್?’ ಎಂದು ತಡೆದು ಕೇಳಿದರು. ನಾನು ನಾಚಿ ದೂರ ನಿಂತೆ. ಮಧ್ಯಾಹ್ನದ ತನಕ ಒಬ್ಬ ಗ್ರೀಕರೂ ಸಿಗಲಿಲ್ಲ. ಸಿಕ್ಕವರು ಡಚ್ ಗಂಡ ಹೆಂಡತಿ. ಅಕ್ಕ ಆ ಹೆಂಗಸಿನ ಅಂಗಿಯ ತುದಿ ಹಿಡಿದು ತಿಕ್ಕಿ ನೋಡಿ, ಪರವಾಗಿಲ್ಲ ಎಂಬಂತೆ ಗೋಣು ಹಾಕಿ, ಕೈಯಲ್ಲಿ ಲಾಳಿ ಎಸೆದಂತೆ ಮಾಡಿ ತೋರಿಸಿ, ಆಕೆಯ ಬಾಯಲ್ಲಿ ‘ಹುಫೈನೋ’ ಎಂದು ಮೂರು ಸಲ ಅನ್ನಿಸಿದರು. ಗ್ರೀಕ್ ಕೇಳಲು ಹೋದವರು ಗ್ರೀಕ್ ಕಲಿಸಿ ಬಂದರು.

ಓಣಿ ಸುಮ್ಮನಿರಲಿಲ್ಲ. ಗಂಡ ಸತ್ತಾಕೆ, ಮೊಣಕಾಲು ನೋವಿನಾಕೆ, ಮಾಸ್ತರನ ಜೋಡಿ ಬಸ್ಸು ಹತ್ತಿ ಏನು ಕಲಿಯುತ್ತಾಳೆ ಎಂದು ಕಟ್ಟೆಯ ಮೇಲೆ ಮಾತಾಯಿತು. ಈ ವಯಸ್ಸಿಗೆ ಅದನ್ನು ಕಲಿತು ಏನು ಮಾಡುತ್ತೀ ಎಂದು ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು. ‘ಕಲತು ಮರೀತೇನಿ. ನಿಮಗೇನು ತ್ರಾಸು?’ ಎಂದರು ಅಕ್ಕ.

ಮರೆಯಲಿಲ್ಲ. ಅದು ಗೊತ್ತಾದದ್ದು ಮೂರು ವರ್ಷದ ಹಿಂದೆ.

ನಮ್ಮ ಭಾಗದ ಕೈಮಗ್ಗದವರಿಗೆ ಒಂದು ಸಂಘವಿದೆ. ಅದರ ಅಧ್ಯಕ್ಷ ನಮ್ಮ ಓಣಿಯಲ್ಲೇ ಹುಟ್ಟಿದವನು, ಅಕ್ಕನಿಗಿಂತ ಬಹಳ ಚಿಕ್ಕವನು. ಈಗ ಪವರ್‌ಲೂಮ್ ಇಟ್ಟುಕೊಂಡು, ಓಣಿಯ ಕೈಮಗ್ಗದ ಸೀರೆಗಳನ್ನೂ ತಾನೇ ಕೊಂಡು ಮಾರುತ್ತಾನೆ. ಸಂಘದವರು ಸದಸ್ಯರ ಹೊಸ ಪುಸ್ತಕ ಬರೆಯಲು ಹೊರಟರು. ಗುಮಾಸ್ತ ಮನೆಮನೆಗೆ ಬಂದು ಪ್ರತಿ ಹೆಸರಿನ ಮುಂದೆ ಅವರ ಕೆಲಸ ಬರೆದುಕೊಂಡ. ಗಂಡಸರ ಮುಂದೆ ‘ನೇಕಾರ’ ಎಂದು ಬರೆದ. ಹೆಂಗಸರ ಮುಂದೆ ‘ಸಹಾಯಕಿ’ ಎಂದು ಬರೆದ. ನೇಕಾರರು ಸಂಘದ ಸಭೆಯಲ್ಲಿ ಕೂತು ಮಾತಾಡಬಹುದು, ಕೈ ಎತ್ತಬಹುದು. ಸಹಾಯಕಿಯರು ಸಭೆಗೆ ಚಹಾ ಮಾಡಿ ಕಳಿಸಬಹುದು.

ಅಕ್ಕ ಕನ್ನಡಕ ಹಾಕಿಕೊಂಡು ತಮ್ಮ ಸಾಲನ್ನೂ ಸೊಸೆಯ ಸಾಲನ್ನೂ ಓದಿ ಪೆನ್ನು ತಿರುಗಿ ಕೊಟ್ಟರು. ತಪ್ಪು ಬರೆದಿದ್ದೀರಿ, ತಿದ್ದಿಕೊಂಡು ಬಂದರೆ ಸಹಿ ಮಾಡುತ್ತೇನೆ ಎಂದರು. ಓಣಿಯ ಎಲ್ಲ ಹೆಂಗಸರೂ ಸಹಿ ಮಾಡಿದ್ದಾರೆ ಎಂದ ಗುಮಾಸ್ತ. ಎಲ್ಲರೂ ತಪ್ಪಿಗೇ ಸಹಿ ಮಾಡಿದ್ದಾರೆ ಎಂದರು ಅಕ್ಕ. ಅವನು ಹೋದ ಮೇಲೆ ಮಗನಿಗೆ ಒಂದೇ ಮಾತು ಹೇಳಿದರು. ‘ಸಾಯೂದರೊಳಗ ನನ್ನ ಹೆಸರಿನ ಮುಂದ ನನ್ನ ಕೆಲಸ ಬರಸ್ತೇನಿ. ನಿನ್ನ ಹೇಣ್ತಿ ಹೆಸರಿನ ಮುಂದೂ ಬರಸ್ತೇನಿ.’

ಇಲ್ಲಿ ನಾನು ನಡುವೆ ಹೋದೆ. ವಿದ್ಯೆ ನಮ್ಮ ವಂಶದ ಉತಾರು ಎಂದೆನಲ್ಲ, ಆ ಗರ್ವ ಮತ್ತೆ ತಲೆ ಎತ್ತಿತು. ಶಬ್ದದ ಆಧಾರ ತೋರಿಸಿದರೆ ಯಾರು ಅಲ್ಲ ಎನ್ನುತ್ತಾರೆ ಎಂದು ಮೂರು ಹಾಳೆ ಟೈಪು ಮಾಡಿಸಿದೆ. ಗ್ರೀಕರು ಹಾಸು ಹಾಸುವುದರಿಂದ ಹಿಡಿದು ಬಟ್ಟೆ ಇಳಿಸುವ ತನಕ ಎಲ್ಲವನ್ನೂ ಒಂದೇ ಶಬ್ದದಲ್ಲಿ ಹೇಳುತ್ತಿದ್ದರು, ಆ ಕೆಲಸ ಹೆಂಗಸರದು, ಮೂಲ ಇದು, ಬಳಗ ಇದು ಎಂದು ಎಲ್ಲ ಬರೆದೆ. ಸಂಘದ ಸಭೆಯಲ್ಲಿ ಎದ್ದು ನಿಂತು ಓದಿದೆ. ಹೆಂಗಸರಿಗೆ ಒಳಗೆ ಜಾಗವಿಲ್ಲದ್ದರಿಂದ ಅಕ್ಕ, ಸೊಸೆ ಮತ್ತೆ ಐದಾರು ಮಂದಿ ಬಾಗಿಲ ಹೊರಗೆ ನಿಂತಿದ್ದರು. ಎರಡನೆಯ ಹಾಳೆಯ ಅರ್ಧಕ್ಕೆ ಬಂದಿದ್ದೆ.

‘ಮಾಸ್ತರ, ಗ್ರೀಕರು ಇಲಕಲ್ ಸೀರಿ ಉಡ್ತಾರೇನ್ರಿ?’ ಎಂದು ಅಧ್ಯಕ್ಷ ಕೇಳಿದ.

ಅಕ್ಕನ ಮಗನೂ ಸೇರಿ ಇಡೀ ಸಭೆ ನಕ್ಕಿತು. ಮಾಡಿನ ತಗಡು ನಡುಗುವಂತೆ ನಕ್ಕಿತು. ಮೂರನೆಯ ಹಾಳೆ ನನ್ನ ಕೈಯಲ್ಲೇ ಉಳಿಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದು ನನ್ನಂಥವನನ್ನು ನೋಡಿಯೇ ಇರಬೇಕು.

ಮನೆಗೆ ಬರುವ ದಾರಿಯಲ್ಲಿ ನನ್ನ ಅವಮಾನವನ್ನೆಲ್ಲ ಅಕ್ಕನ ಮೇಲೆ ಕಾರಿದೆ. ನಿಮ್ಮ ಸಲುವಾಗಿ ನಾನು ನಗೆಗೀಡಾದೆ, ನೀವು ಬಾಗಿಲಲ್ಲಿ ತುಟಿಪಿಟಕ್ಕೆನ್ನದೆ ನಿಂತಿರಿ ಎಂದೆ. ಅಕ್ಕ ನಿಂತರು.

‘ನಿಮಗ ಓದ್ರಿ ಅಂತ ಯಾರು ಹೇಳಿದ್ರು? ಆ ಶಬ್ದ ನನಗ ಬೇಕಾಗಿತ್ತು, ಅವರಿಗಲ್ಲ. ಅದು ಕಲಿಯೂಕಿಂತ ಮೊದಲ ಆ ಗುಮಾಸ್ತ ಬಂದಿದ್ರ ನಾನೂ ಸಹಾಯಕಿ ಅಂತ ಸುಮ್ಮನ ಸಹಿ ಮಾಡ್ತಿದ್ದೆ. ಈಗ ಕೈ ಬರಲಿಲ್ಲ. ಅಷ್ಟ ಅದರ ಕೆಲಸ, ಅದು ಮುಗೀತು. ಇನ್ನ ನಂದು ಐತಿ.’

ನಾನು ಆ ಮೂರು ಹಾಳೆ ಮಡಚಿ ಕಿಸೆಗೆ ಹಾಕಿಕೊಂಡೆ.

ಮರುದಿನ ಮಗ ಮಗ್ಗದ ಮೇಲಿದ್ದ ಸೀರೆ ಮುಗಿಸಿ ಇಳಿಸಿದ. ಮುಂದಿನ ಸೀರೆಯ ಹತ್ತಿಯೂ ರೇಷ್ಮೆಯೂ ಪಕ್ಕದಲ್ಲಿ ಸಿದ್ಧವಾಗಿದ್ದವು. ಅಕ್ಕ ಕೊಂಡಿ ಹಾಕಲು ಕೂಡಲಿಲ್ಲ, ಜೋಳ ಹಸನು ಮಾಡುತ್ತ ಕುಳಿತರು. ಸೊಸೆ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಆಮೇಲೆ ತಾನೂ ಒಂದು ಮೊರ ತಂದು ಅತ್ತೆಯ ಪಕ್ಕದಲ್ಲಿ ಕುಳಿತಳು. ಮಗ್ಗ ಖಾಲಿ ಇದೆ ಎಂದ ಮಗ.

‘ನೀ ನೇಕಾರ ಅಲ್ಲೇನು? ನೇಯಿ,’ ಎಂದರು ಅಕ್ಕ.

ಅವನು ಸಿಟ್ಟಿನಿಂದ ತಾನೇ ಜೋಡಿಸಲು ಕುಳಿತ. ಲಾಳಿ ಹಿಡಿದು ದಪ್ಪಗಾದ ಬೆರಳು. ರೇಷ್ಮೆ ಜಾರುತ್ತಿತ್ತು, ಹತ್ತಿ ಹರಿಯುತ್ತಿತ್ತು. ಎರಡು ದಿನಕ್ಕೆ ಒಂದು ಗೇಣು ಜೋಡಿಸಿದ, ಮಗ್ಗಕ್ಕೆ ಏರಿಸಿ ಎಳೆದ ಕೂಡಲೇ ಅದೂ ಬಿಚ್ಚಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಆ ನಗೆ ಕೇಳಿದ್ದ ಹೆಂಗಸರ ಮನೆಗಳಲ್ಲೂ ಇದೇ ಆಯಿತು. ಅವರಿಂದ ಪಕ್ಕದ ಮನೆಗೆ, ಅಲ್ಲಿಂದ ಎದುರಿನ ಮನೆಗೆ. ಅಕ್ಕ ಯಾರ ಮನೆಗೂ ಹೋಗಿ ಭಾಷಣ ಮಾಡಲಿಲ್ಲ. ಒಂದೊಂದು ಮನೆಯಲ್ಲಿ ಒಂದೊಂದು ಸೀರೆ ಮುಗಿದಂತೆ ಒಂದೊಂದು ಮಗ್ಗ ನಿಂತಿತು. ಎಂಟನೆಯ ದಿನ ನಾನು ಮೇಲೆ ಪಾಠ ಮಾಡುವಾಗ ಓಣಿಯಲ್ಲಿ ಒಂದೂ ಮಗ್ಗದ ಸಪ್ಪಳವಿರಲಿಲ್ಲ. ನನ್ನ ದನಿಯೇ ನನಗೆ ದೊಡ್ಡದಾಗಿ ಕೇಳಿಸಿ ಪಾಠ ನಿಲ್ಲಿಸಿದೆ.

ಮದುವೆಯ ದಿನಗಳು. ಪೇಟೆಯ ಅಂಗಡಿಗಳಿಗೆ ಸೀರೆ ಕೊಡುತ್ತೇನೆಂದು ಮಾತು ಕೊಟ್ಟವನು ಅಧ್ಯಕ್ಷ. ಹತ್ತನೆಯ ದಿನ ಮಧ್ಯಾಹ್ನ ಬಗಲಲ್ಲಿ ಪುಸ್ತಕ ಇಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಬಂದ. ಹಿಂದೆ ಗುಮಾಸ್ತ, ಅವನ ಹಿಂದೆ ಅರ್ಧ ಓಣಿ. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ನಿಮ್ಮೊಬ್ಬರ ಹೆಸರಿನ ಮುಂದೆ ನೇಕಾರ ಎಂದು ಬರೆಯುತ್ತೇನೆ, ಇಲ್ಲಿಗೆ ಮುಗಿಸಿ ಎಂದ. ಅಕ್ಕ ಬೇಡ ಎಂದರು. ಎಲ್ಲರನ್ನೂ ಹಾಗೆ ಬರೆಯಲು ಆಗುವುದಿಲ್ಲ, ನೇಕಾರ ಎಂದರೆ ಮಗ್ಗದಲ್ಲಿ ಕೂಡುವವನು ಎಂದ. ಆಮೇಲೆ, ಓಣಿಯವರು ಕೇಳುತ್ತಿದ್ದಾರೆ ಎಂಬ ಹುಮ್ಮಸ್ಸಿನಲ್ಲಿ ಒಂದು ಮಾತು ಹೆಚ್ಚು ಆಡಿದ. ಅಷ್ಟಿದ್ದರೆ ಕುಣಿಯಲ್ಲಿ ಇಳಿದು ಎಲ್ಲರೆದುರು ಒಂದು ಗೇಣು ನೇಯ್ದು ತೋರಿಸಿ, ಈಗಲೇ ಬರೆಯುತ್ತೇನೆ ಎಂದ.

ಅಕ್ಕ ಮೊರವನ್ನು ಬದಿಗಿಟ್ಟರು.

‘ಆತು. ನಿಮ್ಮ ಹೆಸರಿನ ಮುಂದೂ ನೇಕಾರ ಅಂತ ಬರದಾರ, ನಾ ಓದೇನಿ. ಮೊದಲ ನೀವು ಇಳೀರಿ, ಅಧ್ಯಕ್ಷರ. ಆಮ್ಯಾಲ ನಾ ಇಳೀತೇನಿ.’

ನೇಕಾರರ ಮಗ, ಓಣಿಯ ಎದುರು ಹಿಂದೆ ಸರಿಯುವಂತಿರಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕುಣಿಯೊಳಗೆ ಇಳಿದು ಕುಳಿತ. ಕಾಲಿನಿಂದ ಮಗ್ಗದ ತುಳಿಯುವ ಹಲಗೆ ಹುಡುಕಿಕೊಂಡ, ಲಾಳಿ ಕೈಗೆತ್ತಿಕೊಂಡ. ಎದುರಿಗೆ ನೋಡಿದ. ಮಗ್ಗದ ಮೇಲೆ ಒಂದು ಎಳೆಯೂ ಇರಲಿಲ್ಲ.

ಹಾಸು ಎಲ್ಲಿದೆ ಎಂದು ಕೇಳಿದ.

‘ಅದನ್ನ ಜೋಡಸಾಕಿ ಸಹಾಯಕಿ,’ ಎಂದರು ಅಕ್ಕ. ‘ಆಕಿ ಬಂದಿಲ್ಲ.’

ಆತ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. ಎದ್ದು ಬರೋಣವೆಂದರೆ ಓಣಿಯೆಲ್ಲ ಬಾಗಿಲಲ್ಲಿದೆ. ಅಕ್ಕನ ಮಗ, ಹತ್ತು ದಿನದಿಂದ ತಾಯಿಯ ಜೊತೆ ಮಾತು ಬಿಟ್ಟವನು, ಗೋಡೆಗೆ ಆನಿಕೊಂಡು ನಿಂತಿದ್ದ. ಅವನೇ ಮೊದಲು ನಕ್ಕ. ಸಭೆಯಲ್ಲಿ ನಗುವವರ ಜೊತೆ ನಕ್ಕಿದ್ದನಲ್ಲ, ಆ ನಗು ಇದಾಗಿರಲಿಲ್ಲ.

ಅಧ್ಯಕ್ಷ ಕುಣಿಯಿಂದಲೇ ಕೈ ಚಾಚಿ ಪುಸ್ತಕ ಕೇಳಿದ. ಗುಮಾಸ್ತ ಕೊಟ್ಟ. ಅಕ್ಕ ಹೆಸರು ಹೇಳುತ್ತ ಹೋದರು, ಆತ ಹಳೆಯ ಶಬ್ದ ಹೊಡೆದು ಹೊಸದು ಬರೆಯುತ್ತ ಹೋದ. ಮೊದಲು ಸೊಸೆಯ ಹೆಸರು. ಆಮೇಲೆ ಪಕ್ಕದ ಮನೆಯವರದು, ಎದುರಿನ ಮನೆಯವರದು, ಕಣ್ಣು ಕಾಣದೆ ಮೂಲೆ ಹಿಡಿದಿದ್ದ ಒಬ್ಬ ಅಜ್ಜಿಯದೂ. ಓಣಿಯ ಎಲ್ಲ ಹೆಂಗಸರೂ ಮುಗಿದ ಮೇಲೆ ಅಕ್ಕ ಪೆನ್ನು ಇಸಿದುಕೊಂಡು ತಮ್ಮದನ್ನು ತಾವೇ ಬರೆದರು. ದಪ್ಪ ಅಕ್ಷರ, ಐದನೆಯ ಇಯತ್ತೆಯ ಕೈಬರಹ. ಬರೆದದ್ದನ್ನು ಒಮ್ಮೆ ಓದಿ ನೋಡಿ ಪುಸ್ತಕ ಮುಚ್ಚಿ ಗುಮಾಸ್ತನಿಗೆ ಕೊಟ್ಟರು.

ಅಧ್ಯಕ್ಷ ಕುಣಿಯ ಅಂಚಿಗೆ ಕೈಯೂರಿ ಏಳಲು ನೋಡಿದ. ಕುಣಿಯ ಅಭ್ಯಾಸ ತಪ್ಪಿದ ಕಾಲು ಜೋಮು ಹಿಡಿದಿತ್ತು, ಏಳಲಾಗಲಿಲ್ಲ. ಇನ್ನೊಮ್ಮೆ ನೋಡಿದ. ಗುಮಾಸ್ತನೂ ಮುಂದೆ ಬರಲಿಲ್ಲ. ಅಕ್ಕ ಬಗ್ಗಿ, ಒಂದು ಕೈಯಿಂದ ತಮ್ಮ ಮೊಣಕಾಲು ಹಿಡಿದುಕೊಂಡು, ಇನ್ನೊಂದು ಕೈ ಆತನಿಗೆ ಕೊಟ್ಟು ಮೇಲೆ ಎಳೆದರು. ಆತ ನೆಟ್ಟಗೆ ನಿಂತ ಮೇಲೂ ಕೈ ಬಿಡಲಿಲ್ಲ.

‘ಇದು ಸಹಾಯ, ತಮ್ಮಾ,’ ಎಂದರು. ಆಮೇಲೆ ಮಗ್ಗದ ಕಡೆ ಗೋಣು ತಿರುಗಿಸಿದರು. ‘ಅದು ಕೆಲಸ.’